ದುಂಡಗೆ ಕಂಡದ್ದೆಲ್ಲ ತಲೆ

ರವಿವಾರ ಮಧ್ಯಾಹ್ನ ಬಂತೆಂದರೆ ಈಗಲೂ ನನ್ನ ಕಿವಿ ನಿಮಿರುತ್ತದೆ. ಓಣಿಯಲ್ಲಿ ಒಂದು ಗುಂಪು ಕೇಕೆ ಹಾಕಿದರೆ ಸಾಕು, ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತೇನೆ. ನಾನೀಗ ಇರುವುದು ನರಗುಂದದಲ್ಲಿ, ಗುಡ್ಡದ ಬುಡದಲ್ಲಿ. ಮನೆಯ ಮುಂದೆ ಹೊಳೆ ಇಲ್ಲ, ಗಟಾರ ಇದೆ. ಗಟಾರದಲ್ಲಿ ಯಾರೂ ದೋಣಿ ನಡೆಸುವುದಿಲ್ಲ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾನೆ. ಮಾಡಲಿ. ಅವನು ಆ ಬೇಸಿಗೆಯನ್ನು ನೋಡಿದವನಲ್ಲ.

ನನ್ನ ತವರು ಹೊಳೆಮಣ್ಣೂರು. ಮಲಪ್ರಭೆಯ ದಂಡೆಯ ಮೇಲೆಯೇ ನಮ್ಮ ಮನೆ. ಹೊಳೆಗೆ ಸಿಟ್ಟು ಬಂದಾಗ ಮೊದಲು ಬಂದು ಬಾಗಿಲು ಬಡಿಯುವುದು ನಮ್ಮ ಓಣಿಯಲ್ಲೇ. ನಾವು ಬಾಗವಾನರು, ಹಣ್ಣು ಬೆಳೆದು ಹಣ್ಣು ಮಾರಿ ಬದುಕಿದವರು. ಉರ್ದು ನಮ್ಮ ಮನೆಯಲ್ಲಿ ದಾದಿಯ ಜೊತೆಗೇ ಹೋಯಿತು. ಅಬ್ಬಾ, ಅಮ್ಮಾ, ಬೇಟಾ ಎನ್ನುವ ಕರೆಗಳಷ್ಟೇ ಉಳಿದವು. ಜಗಳ, ವ್ಯಾಪಾರ, ಜೋಗುಳ ಎಲ್ಲವೂ ಕನ್ನಡದಲ್ಲೇ.

ಊರ ಮುಂದೆ ಹೊಳೆಯ ನಡುವೆ ಉಸುಕಿನ ನಡುಗಡ್ಡೆಯೊಂದಿತ್ತು. ದೀಪಾವಳಿಯ ಹೊತ್ತಿಗೆ ನೀರು ಇಳಿದು ಅದರ ಬೆನ್ನು ಕಾಣುತ್ತಿತ್ತು. ಅಬ್ಬಾ ಆ ಉಸುಕಿನಲ್ಲಿ ಗುಣಿ ತೋಡಿ, ಕುರಿಗೊಬ್ಬರ ತುಂಬಿ, ಕಲ್ಲಂಗಡಿ ಬೀಜ ಊರುತ್ತಿದ್ದರು. ಶಿವರಾತ್ರಿ ಕಳೆದು ಬಿಸಿಲು ಬಲಿಯುವಾಗ ಬಳ್ಳಿಗಳ ನಡುವೆ ದುಂಡುದುಂಡಾದ ಕಾಯಿಗಳು ಮಲಗಿರುತ್ತಿದ್ದವು. ಈಗ ಪೇಟೆಯಲ್ಲಿ ಸಿಗುವ ಪಟ್ಟೆಪಟ್ಟೆಯ ಉದ್ದನೆಯ ಕಲ್ಲಂಗಡಿಯಲ್ಲ. ಕಪ್ಪೇ ಎನ್ನಬಹುದಾದಷ್ಟು ಕಡುಹಸಿರು ಬಣ್ಣ, ಮನುಷ್ಯನ ತಲೆಯಷ್ಟು ಗಾತ್ರ.

ಆ ಕಾಯಿಗಳನ್ನು ದಂಡೆಗೆ ತರುವುದೇ ಕಷ್ಟ. ಹಿಂದೆ ಬೇಸಿಗೆಯಲ್ಲಿ ಹೊಳೆಗೆ ಮೊಣಕಾಲು ನೀರು ಇರುತ್ತಿತ್ತಂತೆ, ಬುಟ್ಟಿ ಹೊತ್ತು ದಾಟುತ್ತಿದ್ದರಂತೆ. ಕೆಳಗೆ ಬಾಂದಾರ ಕಟ್ಟಿದ ಮೇಲೆ ನೀರು ನಿಂತು ಆಳವಾಯಿತು. ಕಲ್ಲಂಗಡಿ ನೀರಿನಲ್ಲಿ ತೇಲುತ್ತದೆ ಎನ್ನುವುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಅಬ್ಬಾ ದಪ್ಪ ಹಗ್ಗವೊಂದಕ್ಕೆ ಮಾರಿಗೊಂದರಂತೆ ಒಣಗಿದ ಸೋರೆಕಾಯಿ ಕಟ್ಟಿದ್ದರು. ಆ ಹಗ್ಗವನ್ನು ನೀರ ಮೇಲೆ ದುಂಡಗೆ ಬಿಟ್ಟು, ಒಳಗೆ ಕಾಯಿ ಉರುಳಿಸಿದರೆ ತೇಲುವ ಕುರಿಹಟ್ಟಿ ಆಗುತ್ತಿತ್ತು. ಹಗ್ಗದ ಉದ್ದನೆಯ ತುದಿ ದಂಡೆಯಲ್ಲಿ ಅಮ್ಮನ ಮತ್ತು ನನ್ನ ಕೈಯಲ್ಲಿರುತ್ತಿತ್ತು. ನಾವು ಎಳೆಯಬೇಕು. ಅಬ್ಬಾ ಕಾಯಿಗಳ ನಟ್ಟನಡುವೆ ಈಜುತ್ತ ಬರಬೇಕು. ಹಿಂದಿನಿಂದ ದಬ್ಬಿದರೆ ಮುಂದಿನ ಕಾಯಿಗಳು ಹಗ್ಗದಡಿ ನುಸುಳಿ ಓಡಿಹೋಗುತ್ತವೆ. ನಡುವೆ ಇದ್ದು ಎದೆಯಿಂದ, ಮೊಣಕೈಯಿಂದ ಅವನ್ನು ಬಿಡಿಬಿಡಿಯಾಗಿ ಸರಿಸುತ್ತ ಬಂದರೆ ಮಾತ್ರ ಸಾಗುತ್ತವೆ.

ಬೇಸಿಗೆಯಲ್ಲಿ ಅಬ್ಬಾ ತಲೆಯನ್ನು ನುಣ್ಣಗೆ ಬೋಳಿಸಿಕೊಳ್ಳುತ್ತಿದ್ದರು. ಬಿಸಿಲಿಗೆ ಸುಟ್ಟು ಕಪ್ಪಾದ ತಲೆ. ಬೆಳಿಗ್ಗೆ ನಡುಗಡ್ಡೆಗೆ ಹೋಗುವಾಗ ಟೋಪಿಯನ್ನು ಅಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಕಾಯಿಗಳೊಂದಿಗೆ ನೀರಿಗಿಳಿದರೆಂದರೆ ಅವುಗಳಲ್ಲಿ ಅಬ್ಬಾ ಯಾವುದು ಎಂದು ದಂಡೆಯಿಂದ ಹೇಳುವುದು ಕಷ್ಟವಾಗುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಅದೊಂದು ಆಟ. ಬೆರಳು ಮಾಡಿ ತೋರಿಸುತ್ತಿದ್ದೆ, ಅಮ್ಮ ಅಲ್ಲ ಅನ್ನುತ್ತಿದ್ದಳು. ಆಮೇಲಾಮೇಲೆ ಅದು ಆಟವಾಗಿ ಉಳಿಯಲಿಲ್ಲ.

ಇನ್ನೊಂದು ಮಾತು ಹೇಳಬೇಕು. ನಮ್ಮ ಕಡೆ ಹೊಳೆಯಲ್ಲಿ ಕಾಯಿ ಬೆಳೆಯುವವರಲ್ಲಿ ಒಂದು ಪದ್ಧತಿ ಇತ್ತು: ಹಗ್ಗ ದಾಟಿದ ಕಾಯಿ ಹೊಳೆಯದು. ಅದು ತೇಲಿ ಹೋಗಿ ಯಾರಿಗೆ ಸಿಕ್ಕಿತೋ ಅವರದು. ಕೇಳುವಂತಿಲ್ಲ, ಬೆನ್ನು ಹತ್ತುವಂತಿಲ್ಲ. ಹೊಳೆಯ ಉಸುಕಿನಲ್ಲಿ ಪುಕ್ಕಟೆ ಬೆಳೆದದ್ದಕ್ಕೆ ಹೊಳೆಗೆ ಕೊಡುವ ಪಾಲು ಅದು ಎಂದು ಅಬ್ಬಾ ಹೇಳುತ್ತಿದ್ದರು. ಕೆಳಗಿನ ಊರಿನ ಕುರಿಗಾರರು ನಮ್ಮ ಕಾಯಿ ತಿಂದು, ಸಂತೆಯಲ್ಲಿ ಸಿಕ್ಕಾಗ ಅಬ್ಬಾಗೆ ಕೈ ಮುಗಿಯುತ್ತಿದ್ದರು.

ಇಂಥ ಹೊಳೆಗೆ ಟ್ಯೂಬಿನವರು ಬಂದರು.

ಟ್ಯೂಬಿನವರು ಎಂದರೆ ಒಬ್ಬರೇ, ಅವರಿಗೆ ರೋಣದಲ್ಲಿ ಟೈರಿನ ಅಂಗಡಿ ಇತ್ತು. ಅವರನ್ನು ನಮ್ಮೂರಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ದಪ್ಪ ಆಳು, ಬಿಳಿ ಸಫಾರಿ, ಬಾಯಿ ತುಂಬ ನಗು. ಮೊದಲ ವರ್ಷ ಲಾರಿಯ ಹಳೆಯ ಟ್ಯೂಬುಗಳಿಗೆ ಗಾಳಿ ತುಂಬಿ ತಂದು, ಗೆಳೆಯರ ಜೊತೆ ತಾವೇ ನೀರಿಗೆ ಬಿದ್ದು ಹೊರಳಾಡಿ ಹೋದರು. ಮರುವರ್ಷ ಟ್ಯೂಬುಗಳನ್ನು ಬಾಡಿಗೆಗೆ ಕೊಡತೊಡಗಿದರು, ಜೊತೆಗೆ ಹಲಗೆಯಿಂದ ಮಾಡಿದ ಹುಟ್ಟು. ಅದರ ಮುಂದಿನ ವರ್ಷ ಗೋವಾ ಕಡೆಯಿಂದ ಕಿತ್ತಳೆ, ಹಳದಿ ಬಣ್ಣದ ಪ್ಲಾಸ್ಟಿಕ್ ದೋಣಿಗಳು ಬಂದವು, ಗಾಳಿ ತುಂಬುವ ರಬ್ಬರ್ ದೋಣಿಯೂ ಬಂತು. ನರಗುಂದದ ಮಾಸ್ತರರು, ಗಜೇಂದ್ರಗಡದ ಪೇಟೆಯವರು, ಬ್ಯಾಂಕಿನವರು, ರಾಜೂರು ಲಕ್ಕಲಕಟ್ಟಿ ಕಡೆಯ ಬೈಕಿನ ಹುಡುಗರು, ಎಲ್ಲರೂ ರವಿವಾರ ನಮ್ಮ ಹೊಳೆಗೇ. ಬೇಸಿಗೆಯಲ್ಲಿ ನೀರು ಕಂಡರೆ ನಮ್ಮ ಕಡೆಯ ಮಂದಿಗೆ ಏನಾಗುತ್ತದೆ ಎಂದು ನನಗೆ ಗೊತ್ತು. ನಾನೂ ಇದೇ ಸೀಮೆಯವಳು. ಆದರೆ ದಂಡೆಯಲ್ಲಿ ಬಟ್ಟೆ ಒಗೆಯಲು ಕಲ್ಲು ಸಿಗದಂತಾಯಿತು, ಎಮ್ಮೆ ನೀರಿಗಿಳಿಯಲು ಹೆದರುವಂತಾಯಿತು. ಹೊಳೆ ಅನ್ನುವುದು ಪೇಟೆಯ ಬಸ್‌ಸ್ಟ್ಯಾಂಡ್ ಆಯಿತು.

ಆ ರವಿವಾರದ ಮಂದಿಗೆ ಅಬ್ಬಾನ ತೇಲುವ ಹಟ್ಟಿ ಬಹಳ ಮೋಜಿನ ಸಂಗತಿಯಾಗಿ ಕಂಡಿತು. ಸುತ್ತ ಬಂದು ನಿಂತು ಮೊಬೈಲಿನಲ್ಲಿ ಫೋಟೋ ತೆಗೆದರು. ತಪ್ಪಿಸಿಕೊಂಡ ಕಾಯಿ ಸಿಕ್ಕವರಿಗೆ ಸೇರಿದ್ದು ಎಂದು ಅಬ್ಬಾನೇ ನಗುತ್ತ ಹೇಳಿಬಿಟ್ಟರು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಮುಂದಿನ ವಾರದಿಂದ ದೋಣಿಯವರು ಹುಟ್ಟಿನಿಂದ ಹಗ್ಗ ಮೇಲೆತ್ತಿ ಕಾಯಿ ಹೊರಗೆ ಬಿಡಿಸತೊಡಗಿದರು. ಹೊರಬಂದ ಕಾಯಿಯ ಹಿಂದೆ ಪೈಪೋಟಿಯಲ್ಲಿ ದೋಣಿ ಓಡಿಸುವುದು, ಮುಟ್ಟಿದವರು ಹುಟ್ಟಿನ ಅಂಚಿನಿಂದ ಪಟ್ಟನೆ ಹೊಡೆದು ಸೀಳುವುದು, ಕೆಂಪು ತಿರುಳನ್ನು ಕೈಯಿಂದ ಬಗೆದು ತಿಂದು ಸಿಪ್ಪೆಯನ್ನು ಒಬ್ಬರ ಮೇಲೊಬ್ಬರು ಎಸೆಯುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕಾಯಿ ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ಆ ಹುಟ್ಟುಗಳು ಬೀಳುತ್ತಿದ್ದುದು ಅಬ್ಬಾನ ತಲೆಯಿಂದ ಒಂದು ಮಾರು ದೂರದಲ್ಲಿ.

"ಅಬ್ಬಾ, ಮುಂಜಾನೆ ದಾಟಿಸ್ರಿ. ಅವರು ಬರೂದ ಮಧ್ಯಾಹ್ನ," ಅಂದೆ.

"ಇಬ್ಬನಿ ಆರಲಾರದ ಕಾಯಿ ಕೊಯ್ದ್ರ ಸೀಳತಾವ ಬೇಟಾ. ಬಿಸಿಲು ಏರಿದ ಮ್ಯಾಲೇನ ಕೊಯ್ಯಬೇಕು. ಕೊಯ್ದು ಒಟ್ಟೂದ್ರಾಗ ಮಧ್ಯಾಹ್ನ ಆಗತೈತಿ."

"ಶನಿವಾರ ದಾಟಿಸ್ರಿ ಹಂಗಾರ."

"ಸೋಮವಾರ ಸಂತಿ. ಟೆಂಪೋ ರವಿವಾರ ಸಂಜಿಗೆ ಬರತೈತಿ. ಒಂದ ದಿನ ಬಿಸಲಾಗ ಬಿದ್ದ ಕಾಯಿ ಯಾರು ತಗೋತಾರ?"

ತಲೆ ಎದ್ದು ಕಾಣಲಿ ಎಂದು ಅಮ್ಮ ಒಂದು ಕೆಂಪು ರುಮಾಲು ತಂದಳು. ಅಬ್ಬಾ ಒಂದು ರವಿವಾರ ಅದನ್ನು ಸುತ್ತಿಕೊಂಡು ನೀರಿಗಿಳಿದರು. ಹೊಳೆಯ ನಡುವೆ ಅದು ಒದ್ದೆಯಾಗಿ ಜಾರಿ ಕಣ್ಣು, ಮೂಗು ಮುಚ್ಚಿ, ಎರಡೂ ಕೈ ಕಾಯಿಗಳಲ್ಲಿ ಸಿಕ್ಕಿದ್ದ ಮನುಷ್ಯ ನೀರು ಕುಡಿದರು. ದಂಡೆಗೆ ಬಂದು ಕೆಮ್ಮಿ ಕೆಮ್ಮಿ, ರುಮಾಲನ್ನು ಹಿಂಡಿ ಅಮ್ಮನ ಹೆಗಲಿಗೆ ಹಾಕಿದರು. ಆಮೇಲೆ ಅಮ್ಮ ಆ ಮಾತು ಎತ್ತಲಿಲ್ಲ.

ನಾನು ಟ್ಯೂಬಿನವರ ಹತ್ತಿರ ಹೋದೆ. ನನ್ನ ಬಾಯಿ ಸುಮಾರು. ಅಮ್ಮ ಅದನ್ನು ಖಾರ ಕುಟ್ಟುವ ಒನಕೆ ಎನ್ನುತ್ತಿದ್ದಳು. ಅವರು ದಂಡೆಯ ಮೇಲೆ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

"ನಮ್ಮ ಅಬ್ಬಾ ನೀರಾಗ ಇರ್ತಾರ. ನಿಮ್ಮ ಮಂದಿನ್ನ ದೂರ ಇಟಗೋರಿ," ಅಂದೆ.

"ಏ ತಂಗೀ, ಸಾಬ್ರು ನಮಗೇನು ಬ್ಯಾರೆ ಏನ? ನಾ ನೋಡ್ಕೋತೀನಿ ತಗೋ," ಎಂದು ನಕ್ಕರು. ಹೋಗುವಾಗ ಒಂದು ಪೊಟ್ಟಣ ಚುರಮುರಿ ಕೈಗೆ ಕೊಟ್ಟರು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಚುರಮುರಿಯನ್ನು ಕೋಳಿಗೆ ಹಾಕಿದೆ.

ಆ ರವಿವಾರದ ಬಿಸಿಲು ಹೇಗಿತ್ತೆಂದರೆ ನೀರಿನ ಮೇಲೆ ಕಣ್ಣಿಡಲು ಆಗುತ್ತಿರಲಿಲ್ಲ. ಹೊಳೆಯ ತುಂಬ ಟ್ಯೂಬು, ದೋಣಿ. ಟ್ಯೂಬಿನವರು ತಮ್ಮ ಬೀಗರನ್ನು ಗಜೇಂದ್ರಗಡದಿಂದ ಕರೆದುಕೊಂಡು ಬಂದಿದ್ದರು, ಅವರೆಲ್ಲ ಎದೆಗೆ ತೇಲುವ ಜಾಕೀಟು ಕಟ್ಟಿಕೊಂಡು ಟ್ಯೂಬುಗಳಲ್ಲಿ ಕುಳಿತಿದ್ದರು. ಅಬ್ಬಾ ಹಟ್ಟಿಯೊಂದಿಗೆ ಆಚೆಯಿಂದ ಹೊರಟರು. ಅಮ್ಮ ಹಗ್ಗ ಎಳೆಯುತ್ತ, ತುಟಿಯಲ್ಲೇ ಏನೋ ಪ್ರಾರ್ಥನೆ ಓದಿಕೊಳ್ಳುತ್ತಿದ್ದಳು. ನಾನು ಕಾಯಿ ಎಣಿಸುತ್ತಿರಲಿಲ್ಲ, ಪ್ರಾರ್ಥಿಸುತ್ತಿರಲಿಲ್ಲ. ಅಬ್ಬಾನ ತಲೆಯ ಮೇಲೆ ಕಣ್ಣು ನೆಟ್ಟಿದ್ದೆ. ರೆಪ್ಪೆ ಬಡಿದರೆ ಕಳೆದುಹೋಗುತ್ತದೆ ಎಂದು ಕಣ್ಣು ಉರಿದರೂ ಬಿಟ್ಟುಕೊಂಡೇ ಇದ್ದೆ.

ನಡುಹೊಳೆಗೆ ಬಂದಾಗ ಒಂದು ಟ್ಯೂಬು ಹಗ್ಗಕ್ಕೆ ಬಡಿಯಿತು. ಹಗ್ಗ ಮುಳುಗಿತು. ಒಂದಷ್ಟು ಕಾಯಿ ಹೊರಗೆ ಹರಿದವು. ಅವನ್ನು ತಿರುಗಿಸಲು ಅಬ್ಬಾ ಹಗ್ಗದ ಅಂಚಿಗೆ ಬಂದರು, ಅರ್ಧ ಒಳಗೆ, ಅರ್ಧ ಹೊರಗೆ. ಆ ಗದ್ದಲದಲ್ಲಿ ನನ್ನ ಕಣ್ಣು ತಪ್ಪಿತು. ಯಾವುದು ಅಬ್ಬಾ ಎಂದು ಹುಡುಕುತ್ತಿದ್ದೆ. ಕಿತ್ತಳೆ ದೋಣಿಯಲ್ಲಿ ಟ್ಯೂಬಿನವರು ಬೀಗರ ಕಡೆ ತಿರುಗಿ, "ಹಿಂಗ ಒಡೀಬೇಕ್ರಿ, ನೋಡ್ರಿ," ಎನ್ನುವುದು ಕೇಳಿಸಿತು. ಹುಟ್ಟು ಮೇಲೆ ಹೋಯಿತು.

ಕಾಯಿ ಒಡೆದರೆ ಪಟ್ ಅನ್ನುತ್ತದೆ. ಇದು ಹಾಗೆ ಅನ್ನಲಿಲ್ಲ.

ನೀರು ಕೆಂಪಗಾಯಿತು. ಬೀಗರಲ್ಲಿ ಒಬ್ಬರು, "ಭಾರಿ ಕೆಂಪ ಐತಿ ಬಿಡ್ರಿ," ಎಂದು ನಕ್ಕರು. ಅಷ್ಟರಲ್ಲಿ ಆ ಕಾಯಿ ಮುಳುಗಿತು. ಕಲ್ಲಂಗಡಿ ಮುಳುಗುವುದಿಲ್ಲ. ಅದು ಟ್ಯೂಬಿನವರಿಗೂ ಗೊತ್ತಿತ್ತು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ದಂಡೆಯಿಂದ ಕಂಡೆ. ಹುಟ್ಟು ಬಿಸಾಡಿ ನೀರಿಗೆ ಹಾರಿದರು. ಅವರೂ ಕಟ್ಟಿಕೊಂಡಿದ್ದ ಎದೆಯ ಜಾಕೀಟು ಅವರನ್ನು ಒಳಗೆ ಹೋಗಲು ಬಿಡದೆ ಮೇಲೆ ಮೇಲೆ ಎತ್ತುತ್ತಿತ್ತು. ಪಟ್ಟಿ ಹರಿದು ಅದನ್ನು ಕಿತ್ತೆಸೆದು ಮತ್ತೆ ಮುಳುಗಿದರು. ಅವರಿಗೆ ಈಜು ಅಷ್ಟಕ್ಕಷ್ಟೇ ಎನ್ನುವುದು ಆಮೇಲೆ ತಿಳಿಯಿತು. ಅಮ್ಮ ಹಗ್ಗ ಬಿಟ್ಟು ಸೊಂಟಮಟ್ಟದ ನೀರಿಗೆ ಬಂದು ನಿಂತಿದ್ದಳು. ಹೊಳೆಯ ತುಂಬ ಬರೀ ಕಾಯಿಗಳು ಒಂದಕ್ಕೊಂದು ತಾಗುವ ಸಪ್ಪಳ ಕೇಳುತ್ತಿತ್ತು.

ಅಬ್ಬಾನನ್ನು ಕಂಕುಳಲ್ಲಿ ಹಿಡಿದು ಅವರು ಮೇಲೆ ಬಂದಾಗ ಇಬ್ಬರಲ್ಲಿ ಯಾರು ಯಾರನ್ನು ಹಿಡಿದಿದ್ದಾರೆ ಎಂದು ತಿಳಿಯುವಂತಿರಲಿಲ್ಲ. ದೋಣಿಗಳು ಸೇರಿ ಇಬ್ಬರನ್ನೂ ದಂಡೆಗೆ ತಂದವು. ಅಬ್ಬಾನ ಎಡಗಿವಿ ಸೀಳಿತ್ತು, ಕಿವಿಯ ಮೇಲಿನ ಚರ್ಮ ತೆರೆದುಕೊಂಡಿತ್ತು. ಉಸಿರಿತ್ತು.

ನಾನು ಟ್ಯೂಬಿನವರ ಒದ್ದೆ ಅಂಗಿಯ ಕಾಲರು ಹಿಡಿದೆ. "ತಲಿ ಯಾವುದು, ಕಾಯಿ ಯಾವುದು ತಿಳಿಯಂಗಿಲ್ಲೇನ್ರಿ ನಿಮಗ? ಕಣ್ಣು ಅದಾವೋ ಇಲ್ಲೋ?" ಅವರು ನನ್ನ ಕೈ ಬಿಡಿಸಿಕೊಳ್ಳಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು, ಆ ಉರಿಬಿಸಿಲಿನಲ್ಲಿ.

ಅವರದೇ ಗಾಡಿಯಲ್ಲಿ ರೋಣದ ದವಾಖಾನೆಗೆ ಹೋದೆವು. ಹೊಲಿಗೆ ಹಾಕಿದರು. ಜೀವಕ್ಕೆ ಏನೂ ಆಗಲಿಲ್ಲ, ಎಡಗಿವಿ ಮಾತ್ರ ಕೇಳಿಸದಂತಾಯಿತು. ಊರಲ್ಲಿ ಕೆಲವರು ಕೇಸು ಹಾಕಿರಿ ಎಂದರು. ಇನ್ನು ಕೆಲವರು, ಹೊಡೆದವರು ಯಾರು ಹೊಡೆಸಿಕೊಂಡವರು ಯಾರು ಎಂದು ಬೇರೆಯೇ ಅರ್ಥ ಹಚ್ಚಿ ಪಿಸುಗುಟ್ಟತೊಡಗಿದರು. ಅದು ನನಗೆ ಹೊಡೆತಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಅಬ್ಬಾ ಆ ಮಾತು ಬೆಳೆಯಲು ಬಿಡಲಿಲ್ಲ. ಟ್ಯೂಬಿನವರು ಒಂದು ಸಂಜೆ ಬಂದು ಹೊಸ್ತಿಲ ಹೊರಗೆ ನಿಂತಾಗ, ಓಣಿಯವರಿಗೆಲ್ಲ ಕೇಳುವಂತೆ ಅವರನ್ನು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದರು.

"ಚಾಚಾ, ನಾಳಿಯಿಂದ ದೋಣಿ ಬಂದ್. ಎಲ್ಲಾ ಮಾರಿಬಿಡ್ತೀನಿ," ಎಂದರು ಅವರು. ಅಲ್ಲಿಯವರೆಗೆ ಸಾಬ್ರು ಎನ್ನುತ್ತಿದ್ದವರು ಅಂದು ಚಾಚಾ ಎಂದರು.

ಅಬ್ಬಾ ಬ್ಯಾಂಡೇಜಿನ ತಲೆ ಅಲ್ಲಾಡಿಸಿದರು. "ಬಂದ್ ಯಾಕ ಮಾಡ್ತೀರಿ? ಹೊಳಿ ನಮ್ಮಪ್ಪಂದಲ್ಲ, ನಿಮ್ಮಪ್ಪಂದಲ್ಲ. ಬ್ಯಾಸಿಗ್ಯಾಗ ಮಂದಿ ನೀರಿಗೆ ಬರಲಾರದ ಎಲ್ಲಿಗೆ ಹೋಗಬೇಕು? ಒಂದ ಮಾತು ನಡೆಸ್ರಿ. ಹೊಳ್ಯಾಗ ದುಂಡಗ ಕಂಡದ್ದೆಲ್ಲಾ ತಲಿ ಅಂತ ತಿಳೀರಿ. ಹತ್ರ ಹೋಗಿ, ಕೈಲೆ ಮುಟ್ಟಿ ನೋಡಿದ ಮ್ಯಾಲೆ ಕಾಯಿ ಆದ್ರ ಆಗಲಿ. ಆಮ್ಯಾಲೆ ಬೇಕಾದ್ರ ಒಡೀರಿ."

"ಅಷ್ಟ ಏನ್ರಿ?"

"ಅಷ್ಟ."

ನನಗೆ ಮೈಯೆಲ್ಲ ಉರಿಯಿತು. ಅಷ್ಟೇ ಅಂತೆ. ನಾನು ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಚಹಾ ಕೊಡು ಎಂದು ಅಮ್ಮ ಸನ್ನೆ ಮಾಡಿದರೂ ಹೊರಗೆ ಬರಲಿಲ್ಲ. ಆವತ್ತಿನಿಂದ ಆ ಮನುಷ್ಯನ ಜೊತೆ ಮಾತು ಬಿಟ್ಟೆ.

ಟ್ಯೂಬಿನವರು ಆ ಮಾತನ್ನು ನಡೆಸಿದರು, ಇಲ್ಲ ಎನ್ನಲಾರೆ. ಯಾರು ಟ್ಯೂಬು ಕೇಳಿದರೂ ಮೊದಲು ಅವರ ಬಾಯಿಂದ ಅದನ್ನು ಹೇಳಿಸುತ್ತಿದ್ದರು. ಬ್ಯಾಂಕಿನವರಿರಲಿ ಮಾಸ್ತರರಿರಲಿ, "ದುಂಡಗ ಕಂಡದ್ದೆಲ್ಲಾ ತಲಿ" ಎಂದು ಸಾಲಿಯ ಮಕ್ಕಳ ಹಾಗೆ ಒಪ್ಪಿಸಿದರೆ ಮಾತ್ರ ಹುಟ್ಟು ಕೈಗೆ. ಕೆಲವರು ನಗುತ್ತ ಹೇಳುತ್ತಿದ್ದರು. ನಕ್ಕವರಿಗೆ ಇನ್ನೊಮ್ಮೆ ಹೇಳಿಸುತ್ತಿದ್ದರು. ನಾನು ದಂಡೆಯಲ್ಲಿ ಬಟ್ಟೆ ಒಗೆಯುತ್ತ ಕೇಳುತ್ತಿದ್ದೆ, ನಾಟಕ ಎಂದುಕೊಳ್ಳುತ್ತಿದ್ದೆ.

ಗಾಯ ಮಾಗಿದ ಮೇಲೆ, ಬಳ್ಳಿಯಲ್ಲಿ ಉಳಿದ ಕೊನೆಯ ಕಾಯಿಗಳಿಗಾಗಿ ಅಬ್ಬಾ ಮತ್ತೆ ನೀರಿಗಿಳಿದರು. ಅಮ್ಮ ಬೇಡವೆಂದು ಅತ್ತಳು. ನಾನು ಜಗಳ ಮಾಡಿದೆ. ಅವರು ಕೇಳಿಸದ ಎಡಗಿವಿಯನ್ನು ನಮ್ಮ ಕಡೆ ತಿರುಗಿಸಿ ಕುಳಿತುಬಿಟ್ಟರು. ಅದೊಂದು ಹೊಸ ಉಪಾಯ ಸಿಕ್ಕಿತ್ತು ಅವರಿಗೆ. ಅಂದು ಹಟ್ಟಿ ಹೊಳೆಯ ನಡುವೆ ಬರುವಾಗ ದೋಣಿಯವರೆಲ್ಲ ದೂರ ಸರಿದು, ಹುಟ್ಟುಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನಿಂತರು. ತಪ್ಪಿಸಿಕೊಂಡ ಕಾಯಿಯೊಂದರ ಹತ್ತಿರ ಟ್ಯೂಬಿನವರು ಮೆಲ್ಲನೆ ಹೋಗಿ, ಬಗ್ಗಿ, ಅಂಗೈಯಿಂದ ಮುಟ್ಟಿ ನೋಡಿದರು. ಆದರೂ ನನ್ನ ಮನಸ್ಸು ಕರಗಲಿಲ್ಲ. ತಲೆ ಒಡೆದ ಮೇಲೆ ಮುಟ್ಟಿ ನೋಡುವುದು ಯಾವ ಶಾಣ್ಯಾತನ ಎಂದೇ ಅಂದುಕೊಂಡೆ.

ಅದೇ ವರ್ಷ ಮಳೆಗಾಲ ಮುಗಿಯಿತು ಎನ್ನುವಾಗ ಹೊಳೆ ಬಂತು. ಮೇಲೆ ಎಡೆಬಿಡದೆ ಮಳೆ, ಅಣೆಕಟ್ಟಿನ ಬಾಗಿಲು ತೆಗೆದಿದ್ದಾರೆ ಎಂದು ಸುದ್ದಿ. ಬೆಳಿಗ್ಗೆ ನಾವು ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲಿನಲ್ಲಿ ನೀರು ಕಾಣಿಸಿತು. ಒಲೆ ಹಾಗೇ ಬಿಟ್ಟು, ಓಣಿಯವರೆಲ್ಲ ಊರ ಮೇಲಿನ ದಿನ್ನೆಗೆ ಓಡಿದೆವು. ಮೇಲೆ ಹೋಗಿ ನಿಂತ ಮೇಲೆ ಅಬ್ಬಾ ಒಮ್ಮೆ ಹಿಂದಿರುಗಿ ನೋಡಿದರು.

"ಹಗ್ಗ ಹಿತ್ತಲದಾಗ ಉಳಿತು," ಎಂದರು. ಸೋರೆಕಾಯಿಯ ಹಗ್ಗ. ಅದು ಅವರಪ್ಪ ಹೊಸೆದ ಹಗ್ಗ. ಮಂದಿ ಬಂಗಾರ ಬಿಟ್ಟು ಬಂದಿದ್ದರು, ಇವರಿಗೆ ಹಗ್ಗದ ಚಿಂತೆ. ಅಮ್ಮ ಅಂಗಿ ಹಿಡಿಯುವಷ್ಟರಲ್ಲಿ ಇಳಿದು ಹೋದರು. ಅವರು ಓಣಿಯ ತಿರುವು ದಾಟಿದ್ದನ್ನು ಕಂಡೆವು. ಆಮೇಲೆ ಆ ತಿರುವೇ ನೀರಿನಲ್ಲಿ ಹೋಯಿತು.

ಟ್ಯೂಬಿನವರು ಮಧ್ಯಾಹ್ನದ ಹೊತ್ತಿಗೆ ಬಂದರು. ರಸ್ತೆ ಕಡಿದಿದ್ದ ಕಡೆ ಟೆಂಪೋ ನಿಲ್ಲಿಸಿ, ದೋಣಿಗಳನ್ನು ತಲೆಯ ಮೇಲೆ ಹೊತ್ತು ತಂದಿದ್ದರು. ಜೊತೆಗೆ ರವಿವಾರ ಬರುತ್ತಿದ್ದ ಕೆಲವು ಮಂದಿ ಇದ್ದರು. ಅಂದು ರವಿವಾರವಾಗಿರಲಿಲ್ಲ. ಅವರು ಮಾಳಿಗೆಗಳ ಮೇಲೆ ಸಿಕ್ಕಿಕೊಂಡವರನ್ನು ತರಲು ಹೊರಟರು. ಅಮ್ಮ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ಟ್ಯೂಬಿನವರು ನಮ್ಮ ಹತ್ತಿರ ಬಂದು ಸುತ್ತ ನೋಡಿ, "ಚಾಚಾ ಎಲ್ಲಿ?" ಎಂದರು.

ಅಷ್ಟು ತಿಂಗಳ ಮೇಲೆ ಅವರ ಜೊತೆ ನಾನು ಆಡಿದ ಮೊದಲ ಮಾತು, "ಹೊಳಿ ಒಯ್ತರಿ."

ಹಳ್ಳ ಯಾವುದು, ದಿನ್ನೆ ಯಾವುದು, ಬೇಲಿ ಎಲ್ಲಿತ್ತು ಎಂದು ತೋರಿಸಲು ಊರು ಬಲ್ಲವರು ಒಬ್ಬರು ಬೇಕಿತ್ತು. ನಾನೇ ರಬ್ಬರ್ ದೋಣಿ ಹತ್ತಿದೆ. ಕೆಂಪು ನೀರು, ದನಿಯಿಲ್ಲದ ಓಟ. ನಮ್ಮ ಓಣಿಯ ಮೇಲೆ ತೇಲುತ್ತಿದ್ದೆವು, ನಮ್ಮ ಮನೆಯ ಮಾಳಿಗೆಯ ಅಂಚು ಕೂಡ ಕಾಣಲಿಲ್ಲ. ಟ್ಯೂಬಿನವರು ದುಂಡಗೆ ಕಂಡದ್ದರ ಕಡೆಗೆಲ್ಲ ದೋಣಿ ತಿರುಗಿಸತೊಡಗಿದರು. ಒಂದು ಹಿತ್ತಾಳೆಯ ಕೊಡ. ಹತ್ತಿರ ಹೋಗಿ ಕೈಯಿಂದ ಮುಟ್ಟಿ ಬಿಟ್ಟರು. ಒಂದು ಕುಂಬಳಕಾಯಿ. ಅದನ್ನೂ ಮುಟ್ಟಿದರು. ಮಗುಚಿದ ಬುಟ್ಟಿ, ಬಣ್ಣ ಹೋದ ಚೆಂಡು, ಸತ್ತ ಆಡಿನ ಉಬ್ಬಿದ ಹೊಟ್ಟೆ. ಪ್ರತಿ ಸಲ ನನ್ನ ಆಸೆ ಏರುತ್ತಿತ್ತು, ಪ್ರತಿ ಸಲ ಮತ್ತೆ ಇಳಿಯುತ್ತಿತ್ತು. ಇಳಿದಿಳಿದು ಕೊನೆಗೆ ನನಗೆ ಆಸೆಯ ಮೇಲೇ ಸಿಟ್ಟು ಬಂತು. ಹೊತ್ತು ವಾಲುತ್ತಿತ್ತು.

ಕೆಳಗೆ, ದಂಡೆಯ ಜಾಲಿಯ ಪೊದೆಗಳಿದ್ದ ಕಡೆ, ಮುಳ್ಳಿನ ತುದಿಗಳು ಮಾತ್ರ ನೀರ ಮೇಲಿದ್ದವು. ಆ ತುದಿಗಳಿಗೆ ನಮ್ಮ ಹಗ್ಗ ಸಿಕ್ಕಿಕೊಂಡಿತ್ತು. ಸೋರೆಕಾಯಿಗಳು ಕೆಸರು ಮೆತ್ತಿ ಕಂದಾಗಿ, ಒತ್ತೊತ್ತಾಗಿ ತೇಲುತ್ತಿದ್ದವು. ಹಗ್ಗ ಇಲ್ಲಿದೆ. ಹಗ್ಗ ತರಲು ಹೋದವರು ಇಲ್ಲ. ನನಗೆ ಎಲ್ಲ ತಿಳಿದುಹೋಯಿತು.

"ಅವು ಬರೇ ಕಾಯಿ," ಅಂದೆ. "ನಮ್ಮ ಹಗ್ಗದ ಸೋರಿಕಾಯಿ. ಬ್ಯಾರೆ ಏನೂ ಇಲ್ಲ. ತಿರುಗಿಸ್ರಿ."

"ದುಂಡಗ ಅದಾವಲ್ಲ, ತಂಗೀ."

"ನಾ ದಿನಾ ನೋಡಿದ ಕಾಯಿ ನನಗ ಗೊತ್ತಿಲ್ಲೇನ್ರಿ? ಮುಳ್ಳಿಗೆ ಹೋದ್ರ ದೋಣಿ ಒಡೀತೈತಿ. ನಮ್ಮನ್ನೂ ಮುಳುಗಿಸಬ್ಯಾಡ್ರಿ. ತಿರುಗಿಸ್ರಿ ಅಂದ್ನೆಲ್ಲ."

ಅವರು ನನ್ನ ಮುಖ ನೋಡಲಿಲ್ಲ. ಹುಟ್ಟು ಹಾಕುತ್ತಲೇ ಹೋದರು. ಮೊದಲ ಮುಳ್ಳು ತಾಗಿದಾಗ ದೋಣಿಯ ಒಂದು ಬದಿ ಹಾವಿನ ಹಾಗೆ ಬುಸ್ ಎಂದಿತು. ಅವರು ಬಗ್ಗಿ ಮೊದಲ ಸೋರೆಕಾಯಿಯನ್ನು ಮುಟ್ಟಿದರು. ಎರಡನೆಯದನ್ನು ಮುಟ್ಟಿದರು. ಗಾಳಿ ಹೋಗುತ್ತಿತ್ತು, ನಾನು ಅಳುತ್ತ ಅವರನ್ನು ಬೈಯುತ್ತಿದ್ದೆ. ಅವರು ಇನ್ನೂ ಮುಂದಕ್ಕೆ ಚಾಚಿ ಅಂಗೈ ಇಟ್ಟ ಕಾಯಿಗೆ ಎಡಗಡೆ ಸೀಳಿದ ಕಿವಿ ಇತ್ತು.

ಅಬ್ಬಾ ಹಗ್ಗವನ್ನು ಕಂಕುಳಿಗೆ ಸುತ್ತಿಕೊಂಡಿದ್ದರು. ಅವರನ್ನು ಎತ್ತಿ ಹಿಡಿದಿದ್ದುದು ಆ ಸೋರೆಕಾಯಿಗಳೇ. ಗದ್ದದವರೆಗೆ ನೀರು, ತುಟಿ ನೀಲಿ, ತಲೆ, ಮುಖದ ತುಂಬ ಕೆಸರು. ಮಾತಾಡುವ ಶಕ್ತಿ ಇರಲಿಲ್ಲ. ಕಣ್ಣು ಮಾತ್ರ ತೆರೆದು ನಮ್ಮಿಬ್ಬರನ್ನೂ ನೋಡಿದರು. ಟ್ಯೂಬಿನವರು ಮುಳ್ಳಿನಲ್ಲಿ ಕೈ ಹಾಕಿ, ಮೊಣಕೈವರೆಗೆ ಗೀರಿಸಿಕೊಂಡು, ಹಗ್ಗ ಬಿಡಿಸಿ ಅವರನ್ನು ದೋಣಿಗೆ ಎಳೆದುಕೊಂಡರು. ಗಾಳಿ ಹೋದ ಬದಿಗೆ ಅದೇ ಹಗ್ಗದ ಸೋರೆಕಾಯಿಗಳನ್ನು ಸುತ್ತಿ, ಓರೆಯಾದ ದೋಣಿಯನ್ನು ದಿನ್ನೆಯ ಕಡೆ ಹೊಡೆದರು. ದಾರಿಯುದ್ದಕ್ಕೂ ನಾನು ಅಬ್ಬಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದೆ.

ದಿನ್ನೆಯ ಮೇಲೆ ಯಾರೋ ಕಂಬಳಿ ಹೊದಿಸಿದರು, ಯಾರೋ ಬೆಂಕಿ ಮಾಡಿದರು. ಅಮ್ಮ ಟೋಪಿಯನ್ನು ಬೆಳಗಿನಿಂದ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು, ಅದನ್ನು ತೆಗೆದು ಅವರ ತಲೆಗೆ ಇಟ್ಟಳು. ಬಿಸಿ ಚಹಾ ಎರಡು ಗುಟುಕು ಒಳಗೆ ಹೋದ ಮೇಲೆ ಅಬ್ಬಾ ನನ್ನ ಕಡೆ ತಿರುಗಿದರು.

"ಬರೇ ಕಾಯಿ ಅಂದ್ಯಲ್ಲ, ಬೇಟಾ," ಎಂದರು. ಸಿಟ್ಟಿರಲಿಲ್ಲ. "ನನ್ನ ಚಲೋ ಕಿವಿ ನಿನ್ನ ಕಡೇನ ಇತ್ತು."

ಅಬ್ಬಾ ಕಣ್ಣು ಮುಚ್ಚಿಕೊಂಡು ಇನ್ನೊಂದು ಗುಟುಕು ಚಹಾ ಕುಡಿದರು. ಆಚೆ ಬೆಂಕಿಯ ಬೆಳಕಿನಲ್ಲಿ ಟ್ಯೂಬಿನವರು ರಕ್ತದ ಕೈಯಲ್ಲೇ ದೋಣಿಯ ತೂತನ್ನು ಒರೆಸಿ ಪಂಕ್ಚರ್ ಪಟ್ಟಿ ಅಂಟಿಸುತ್ತಿದ್ದರು. ಇನ್ನೂ ಕೆಲವರು ಮಾಳಿಗೆಗಳ ಮೇಲೆ ಉಳಿದಿದ್ದರು. ನಾನು ಎದ್ದು ಹೋಗಿ ಪಟ್ಟಿಯ ಇನ್ನೊಂದು ತುದಿ ಒತ್ತಿ ಹಿಡಿದೆ.